ಓಡಿನಲ್ಲಿದ್ದ ಕರಿಹೊಯಿಗೆ

ಇವತ್ತು ಬೆಳಿಗ್ಗೆ ಮಗಳಿಗೆಂದು ಹುಣಸೆಬೀಜ ಹುರಿಯುತ್ತಿದ್ದೆ. ಮಣ್ಣಿನ ಓಡಿನಲ್ಲಿ ಕರಿಹೊಯಿಗೆ, ಎಂದರೆ ಕಡಲ ದಡದ ಕಪ್ಪು ಮರಳು, ಕಾದು, ಅದರ ಮೇಲೆ ಬೀಜ ಬಿದ್ದು, ಸಿಪ್ಪೆ ಚಟಚಟ ಸಿಡಿಯುವಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಸುಟ್ಟ ವಾಸನೆಯಲ್ಲ, ಪೂರ್ತಿ ಉಪ್ಪಿನದ್ದೂ ಅಲ್ಲ. ಕಡಲೇ ಬಂದು ಒಲೆಯ ಮೇಲೆ ಕುಳಿತ ಹಾಗೆ. ಆ ವಾಸನೆ ಮನೆ ತುಂಬುವ ಹೊತ್ತಿಗೆ ಸರಿಯಾಗಿ ಬೈಕಂಪಾಡಿಯಿಂದ ಇಬ್ಬರು ಹಿರಿಯರು ಬಂದು ಅಂಗಳದಲ್ಲಿ ನಿಂತರು. ಆರೇಳು ವರ್ಷದಲ್ಲಿ ಆ ಊರಿನವರು ನಮ್ಮ ಮಣ್ಣಗುಡ್ಡದ ಮನೆಗೆ ಬಂದದ್ದು ಇದೇ ಮೊದಲು. ಅವರು ಏನು ಕೇಳಿದರು, ನಾನು ಏನು ಹೇಳಿ ಕಳಿಸಿದೆ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಯುದ್ಧಕಾಲದ ಆ ಒಂದು ಮಳೆಗಾಲವನ್ನು ಮೊದಲು ಹೇಳದಿದ್ದರೆ ಓದಿದವರು ನನ್ನನ್ನು ಕಲ್ಲೆದೆಯವಳು ಎಂದುಕೊಳ್ಳುತ್ತಾರೆ. ಹೇಳಿದ ಮೇಲೂ ಹಾಗೆಯೇ ಅಂದುಕೊಂಡರೆ ಅಂದುಕೊಳ್ಳಲಿ.

ನಾನು ಹುಟ್ಟಿದ್ದು ಬೈಕಂಪಾಡಿಯ ಕಡಲ ಕರೆಯಲ್ಲಿ, ಎಂದರೆ ದಡದಲ್ಲಿ, ಮೀನು ಹಿಡಿಯುವ ಮೊಗವೀರರ ಗುರಿಕಾರರ ಮನೆಯಲ್ಲಿ. ಊರಿನ ಜಗಳ, ಮದುವೆ, ಸಾವು, ಬಲೆಯ ಪಾಲು, ಎಲ್ಲಕ್ಕೂ ಗುರಿಕಾರರ ಮಾತೇ ಕೊನೆ. ಅವರು ನನ್ನ ತಾಯಿಯ ಅಣ್ಣ, ನನಗೆ ಸೋದರಮಾವ. ನಮ್ಮಲ್ಲಿ ಮನೆ ಮುಂದುವರಿಯುವುದು ಹೆಣ್ಣಿನಿಂದ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಗುರಿಕಾರಿಕೆ ಹೋಗುವುದು ಸೋದರಳಿಯನಿಗೆ. ನನ್ನ ತಾಯಿ ಬೇಗ ತೀರಿಕೊಂಡರು. ಇದ್ದ ಒಬ್ಬ ಅಣ್ಣನನ್ನು ಕಡಲು ತೆಗೆದುಕೊಂಡಿತು. ಆ ದೊಡ್ಡ ಮನೆಗೆ ಉಳಿದ ಹೆಣ್ಣು ನಾನೊಬ್ಬಳೇ. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಲೆ ಎಳೆಸುತ್ತಿದ್ದರು. ನಮ್ಮ ಕರೆಯ ಯಾವ ಹುಡುಗಿಯೂ ಶಾಲೆ ಕಾಣದಿದ್ದ ಕಾಲದಲ್ಲಿ ನನ್ನನ್ನು ನಾಲ್ಕನೇ ಕ್ಲಾಸಿನ ತನಕ ಓದಿಸಿದರು. ಮದುವೆಯಾದ ಮೇಲೂ ಗಂಡನ ಮನೆಗೆ ಕಳಿಸಲಿಲ್ಲ. ನಮ್ಮವರನ್ನೇ ಕರೆದು ಮನೆಯಲ್ಲಿಟ್ಟುಕೊಂಡು ರಂಪಣಿ ದೋಣಿಯನ್ನು ನಡೆಸುವ ತಂಡೇಲನನ್ನಾಗಿ ಮಾಡಿದರು. ಮಾವ ಎಂಥವರು ಎಂದು ಗೊತ್ತಿರಬೇಕು, ಅದಕ್ಕೆ ಇಷ್ಟು ಬರೆದೆ. ಕೆಟ್ಟವರು ಕೆಟ್ಟದ್ದು ಮಾಡಿದ್ದರೆ ನಾನು ಕಾಗದ ಹಾಳು ಮಾಡುತ್ತಿರಲಿಲ್ಲ.

ಯುದ್ಧ ಶುರುವಾಗಿ ನಾಲ್ಕನೇ ವರ್ಷ ಇರಬೇಕು. ಅಕ್ಕಿ ಸಿಗುವುದು ಕಷ್ಟವಾಗಿತ್ತು, ಸೀಮೆಎಣ್ಣೆಗೆ ಸಾಲು ನಿಲ್ಲಬೇಕಿತ್ತು. ಎರಡು ಸಲ ಹೊಟ್ಟೆಯಲ್ಲೇ ಕಳಕೊಂಡಿದ್ದ ನನಗೆ ಮೂರನೆಯದು ನಿಂತಿತ್ತು. ಸುರಿಮಳೆಯ ಆಟಿ ತಿಂಗಳು ಬರುವಾಗ ಆರು ತುಂಬಿತ್ತು. ಆಟಿಯಲ್ಲಿ ಶುಭಕಾರ್ಯ ಇಲ್ಲದ ಕಾರಣ ಮುಂದಿನ ಸೋಣ ತಿಂಗಳಲ್ಲಿ ಬಯಕೆ ಶಾಸ್ತ್ರ ಎಂದು ಮಾವ ಹಸಿರು ಸೀರೆ ತಂದು ಪೆಟ್ಟಿಗೆಯಲ್ಲಿಟ್ಟಿದ್ದರು. ಹೆಣ್ಣೇ ಆಗಲಿ ಎಂದು ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯಲ್ಲಿ ಹರಕೆ ಹೇಳಿಕೊಂಡಿದ್ದರು. ಬೇರೆಯವರು ಗಂಡಿಗೆ ಹರಕೆ ಹೊರುತ್ತಾರೆ, ನಮ್ಮ ಮನೆಗೆ ಬೇಕಾದದ್ದು ಹೆಣ್ಣು.

ದಿನಕ್ಕೆ ಮೂರು ದಯೆಯನ್ನಾದರೂ ದೇವರ ಮುಂದೆ ಎಣಿಸಬೇಕೆಂದು ನನ್ನ ಅಜ್ಜಿ ಕಲಿಸಿದ್ದರು. ಆಗ ನನಗೆ ಎಣಿಸಿ ಮುಗಿಯುತ್ತಿರಲಿಲ್ಲ.

ಇನ್ನು ಹೇಳುವುದು ನನಗೆ ಆಮೇಲೆ ಗೊತ್ತಾದದ್ದು. ಮಳೆ ಹಿಡಿಯುವ ಮೊದಲು ಊರಿನ ಸಭೆ ಸೇರಿತ್ತು. ಶಾಲೆಯ ಮಾಸ್ತರರು ಪತ್ರಿಕೆ ತಂದು ಓದಿ ಹೇಳಿದರಂತೆ. ಯುದ್ಧಕ್ಕೆ ಬೇಕಾದ ಖನಿಜಗಳನ್ನು ಹೊರದೇಶದಿಂದ ತರುವುದು ಕಷ್ಟವಾಗಿದೆ, ಇಲ್ಲಿಯ ನೆಲದಲ್ಲೇ ಅಗೆದು ತೆಗೆಯಬೇಕು, ಅದಕ್ಕೊಂದು ಮಸೂದೆ ದೆಹಲಿಯ ಶಾಸನಸಭೆಯ ಮುಂದಿದೆ. ಯಾರ ಹೆಸರಿನ ಪಟ್ಟೆಯೂ ಇಲ್ಲದ ನೆಲದಲ್ಲಿ ಅಂಥ ಖನಿಜ ಸಿಕ್ಕಿದರೆ ಸರಕಾರ ಒಂದು ನೋಟೀಸು ಹಚ್ಚಿ ನೆಲ ವಹಿಸಿಕೊಳ್ಳಬಹುದು. ಕಡಲ ಕರೆಯ ಕರಿಹೊಯಿಗೆಯೂ ಆ ಪಟ್ಟಿಯಲ್ಲಿ ಉಂಟು. ಮಸೂದೆಯನ್ನು ಜನರ ಅಭಿಪ್ರಾಯಕ್ಕೆ ಕಳಿಸಿದ್ದಾರೆ, ನೋಡಿ ಹೋಗಲು ಅಧಿಕಾರಿ ಬರುತ್ತಾರೆ.

ನಮ್ಮ ಕರೆಗೆ ಪಟ್ಟೆ ಎಲ್ಲಿಂದ ಬರಬೇಕು? ಅಜ್ಜಂದಿರ ಕಾಲದಿಂದ ಬಲೆ ಎಳೆದದ್ದೇ ಪಟ್ಟೆ. ರಂಪಣಿ ಬಲೆಯೆಂದರೆ ಊರಿಡೀ ಎರಡು ಸಾಲಾಗಿ ನಿಂತು ದಡಕ್ಕೆ ಎಳೆಯುವ ಬಲೆ. ಉದ್ದಕ್ಕೆ ಸಮನಾದ ಕರೆ ಇಲ್ಲದಿದ್ದರೆ ಆ ಬಲೆ ಇಲ್ಲ, ಬಲೆ ಇಲ್ಲದಿದ್ದರೆ ಊರಿಲ್ಲ. ಹೊಯಿಗೆ ಅಗೆದು ಹೊಂಡ ಮಾಡಿದರೆ ನಾವು ಎಲ್ಲಿ ನಿಲ್ಲುವುದು? ಸಭೆ ಹೆದರಿದ್ದರಲ್ಲಿ ತಪ್ಪಿಲ್ಲ. ನಮ್ಮ ಕರೆಯಲ್ಲಿ ಬರೀ ಬಿಳಿ ಹೊಯಿಗೆ, ಕರಿಹೊಯಿಗೆ ಎಂಬುದೇ ಇಲ್ಲ ಎಂದು ಅರ್ಜಿ ಬರೆಯುವುದೆಂದು ತೀರ್ಮಾನವಾಯಿತು. ಮಾವ ರುಜು ಹಾಕಿದರು. ಗಂಡಸರೆಲ್ಲ ಬೊಬ್ಬರ್ಯನ ಮುಂದೆ ಹೂ ಎತ್ತಿ ಆಣೆ ಮಾಡಿದರು, ಯಾರು ಕೇಳಿದರೂ ಇದೇ ಉತ್ತರ ಎಂದು. ಸಭೆ ಸೇರಿದ್ದು ಗ್ಯಾಸ್‌ಲೈಟಿನ ಬೆಳಕಿನಲ್ಲಿ. ಆ ದೀಪದ ಮ್ಯಾಂಟಲಿಗೆ ಹಾಕುವ ಪುಡಿಯನ್ನೂ ಇಂಥ ಹೊಯಿಗೆಯಿಂದಲೇ ತೆಗೆಯುತ್ತಾರಂತೆ. ಅದೂ ನಾನು ಪತ್ರಿಕೆಯಲ್ಲಿ ಓದಿ ತಿಳಿದದ್ದು.

ಹೆಂಗಸರಿಗೆ ಇದು ಒಂದೂ ಗೊತ್ತಿಲ್ಲ. ಸಭೆಯ ಮಾತನ್ನು ಮನೆಯಲ್ಲಿ ಹೇಳುವ ಕ್ರಮ ನಮ್ಮಲ್ಲಿ ಇಲ್ಲ. ಹೆಂಡತಿಗೆ ಹೇಳಿದರೂ ದಂಡ. ಗುಡಿಯ ಮೆಟ್ಟಿಲಿಳಿದ ಮೇಲೆ ಗಂಡಸರು ಮೀನಿನ ಮಾತಾಡುತ್ತಾರೆ.

ಕರಿಹೊಯಿಗೆ ಮೇಲೆ ಬರುವುದು ಮಳೆಗಾಲದಲ್ಲೇ. ಆಟಿಯ ಅಲೆ ಬಿಳಿ ಹೊಯಿಗೆಯನ್ನು ತೊಳೆದುಕೊಂಡು ಹೋಗಿ, ಭಾರದ ಕರಿಯದನ್ನು ದಡದಲ್ಲಿ ಬಿಡುತ್ತದೆ, ಕಾಡಿಗೆ ಎಳೆದ ಹಾಗೆ. ನಾವು ಹೆಂಗಸರು ಅದನ್ನು ಬುಟ್ಟಿಯಲ್ಲಿ ತಂದು, ಸಿಹಿನೀರಿನಲ್ಲಿ ತೊಳೆದು, ಒಲೆಯ ಬದಿಯಲ್ಲಿ ಒಣಗಿಸಿ, ಮಡಕೆಯಲ್ಲಿ ಇಡೀ ವರ್ಷಕ್ಕೆ ತುಂಬಿಸಿಡುತ್ತಿದ್ದೆವು. ಬಿಳಿಯದರಲ್ಲಿ ಹುರಿದರೆ ಬೀಜ ಒಳಗೆ ಹಸಿ ಉಳಿಯುತ್ತದೆ. ಕರಿಯದು ಬಿಸಿ ಹಿಡಿದರೆ ಬೇಗ ಬಿಡುವುದಿಲ್ಲ. ಕಡಲಿಗೆ ಇಳಿಯಲಾಗದ ಆಟಿಯ ಹಸಿವಿಗೆ ಹುರಿದ ಹುಣಸೆಬೀಜ, ಹಲಸಿನ ಬೀಜವೇ ಗತಿ. ಹಾಗಾಗಿ ಆ ಕರೆಯಲ್ಲಿ ಕರಿಹೊಯಿಗೆಯ ಮಡಕೆ ಇಲ್ಲದ ಅಡುಗೆಮನೆ ಇರಲಿಲ್ಲ.

ಆ ವರ್ಷ ಮಾತ್ರ ನಾನು ಬುಟ್ಟಿ ಹಿಡಿದು ಹೋದಾಗಲೆಲ್ಲ ಕರೆ ಬೆಳ್ಳಗೆ ಇರುತ್ತಿತ್ತು, ಹಿಂದಿನ ವರ್ಷದ ಮಡಕೆಯಲ್ಲೇ ಸುಧಾರಿಸುತ್ತಿದ್ದೆ. ಒಂದು ದಿನ ಬೆಳಕು ಹರಿಯುವಾಗ ನೋಡುತ್ತೇನೆ, ನಮ್ಮವರೂ ಇನ್ನು ಹತ್ತಿಪ್ಪತ್ತು ಗಂಡಸರೂ ಬುಟ್ಟಿಯಲ್ಲಿ ಬಿಳಿ ಹೊಯಿಗೆ ಹೊತ್ತು ತಂದು ಹರಡುತ್ತಿದ್ದಾರೆ. ಎಂತ ಮಾಡುವುದು ಎಂದು ಕೇಳಿದೆ. ದೋಣಿ ಎಳೆಯುವ ದಾರಿ ಸರಿ ಮಾಡುವುದು ಎಂದರು. ಮಳೆಗಾಲದಲ್ಲಿ ಯಾವ ದೋಣಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಅಧಿಕಾರಿ ಬಂದದ್ದು ಆಟಿಯ ನಡುವಿನಲ್ಲಿ. ಕಲ್ಕತ್ತೆಯ ಕಡೆಯ ಮನುಷ್ಯ, ನಮ್ಮ ಹಾಗೆ ಕಪ್ಪು. ಕೋಟು ಹಾಕಿದ್ದ ಕಾರಣ ಎಲ್ಲರೂ ದೊರೆ ಎನ್ನುತ್ತಿದ್ದರು. ಜೊತೆಯಲ್ಲಿ ಮಾತು ಹೇಳಲಿಕ್ಕೆ ಒಬ್ಬ ಗುಮಾಸ್ತ. ಕೂಳೂರಿನಲ್ಲಿ ಹೊಳೆಯ ಕಡವು ದಾಟಿ, ಕೊಡೆ ಹಿಡಿದು, ಬೆಳಗಿನಿಂದ ಕರೆಯುದ್ದಕ್ಕೆ ನಡೆದರು. ಅಲ್ಲಲ್ಲಿ ಅಗೆದರು. ಮಳೆ ಜೋರಾಯಿತು. ದೊಡ್ಡವರು ಯಾರು ಬಂದರೂ ಕೂರುವುದು ಗುರಿಕಾರರ ಚಾವಡಿಯಲ್ಲಿ, ಇವರೂ ಅಲ್ಲಿಯೇ ಬಂದು ಕುಳಿತರು. ಅರ್ಜಿಯಲ್ಲಿ ಬರೆದದ್ದು ಹೌದೋ ಎಂದು ಗುಮಾಸ್ತ ಕೇಳಿದ. ಬೊಬ್ಬರ್ಯನಾಣೆ ಹೌದು ಎಂದರು ಮಾವ. ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ಕಾಗದ ಕಟ್ಟಿಯೂ ಆಗಿತ್ತು. ಮಳೆ ನಿಂತಿದ್ದರೆ ಎದ್ದು ಹೋಗುತ್ತಿದ್ದರು.

ಮಳೆ ನಿಲ್ಲಲಿಲ್ಲ. ಮನೆಗೆ ಬಂದವರು ಚಳಿಯಲ್ಲಿ ನಡುಗುತ್ತಿದ್ದಾರೆ, ತಿನ್ನಲು ಏನಾದರೂ ಕೊಡು ಎಂದು ಮಾವನೇ ಒಳಗೆ ಹೇಳಿ ಕಳಿಸಿದರು. ನಾನು ಹಲಸಿನ ಬೀಜ ಹುರಿದು, ಬೆಲ್ಲದ ತುಂಡಿಟ್ಟು ಬಟ್ಟಲು ಕೊಟ್ಟು, ಬಾಗಿಲ ಸಂದಿಯಲ್ಲಿ ನಿಂತೆ. ಅಧಿಕಾರಿ ಎರಡು ತಿಂದರು. ಮೂರನೆಯದನ್ನು ಬಾಯಿಗೆ ಹಾಕದೆ ಅಂಗೈಯಲ್ಲಿ ಉಜ್ಜಿದರು. ಕಿಸೆಯಿಂದ ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಒಂದು ಗಾಜು ತೆಗೆದರು, ಮತ್ತೆ ಲಾಳದ ಹಾಗಿನ ಒಂದು ಅಯಸ್ಕಾಂತ. ಕರಿಯ ಕಣಗಳಲ್ಲಿ ಕೆಲವು ಹೋಗಿ ಅದಕ್ಕೆ ಅಂಟಿಕೊಂಡವು. ಬೀಜ ಹುರಿದ ಹೊಯಿಗೆ ಎಲ್ಲಿಯದು ಎಂದು ಗುಮಾಸ್ತ ಕೇಳಿದ.

ಮಾವ ಮಾತಾಡಲಿಲ್ಲ. ಅವರಿಗೆ ಗೊತ್ತಿಲ್ಲವೇನೋ, ಅಡುಗೆಮನೆಯ ಸಂಗತಿಯಲ್ಲವೇ ಎಂದುಕೊಂಡೆ ನಾನು. ನನಗೆ ಹೆಮ್ಮೆ ಬೇರೆ, ಇಷ್ಟು ಓದಿದವರು ನನ್ನ ಓಡಿನ ಹೊಯಿಗೆಯನ್ನು ಗಾಜು ಹಿಡಿದು ನೋಡುತ್ತಾರಲ್ಲ ಎಂದು. ಒಳಗೆ ಹೋಗಿ ಮಡಕೆಯನ್ನೇ ಎತ್ತಿಕೊಂಡು ಬಂದು ಚಾವಡಿಯಲ್ಲಿಟ್ಟೆ.

“ನಮ್ಮ ಕರೆಯದ್ದೇ. ಆಟಿಯಲ್ಲಿ ಬರ್ತದೆ. ಎಲ್ಲರ ಮನೆಯಲ್ಲೂ ಉಂಟು, ಬೇಕಾದರೆ ಕೊನೆಯ ಮನೆಯ ಕಮಲಕ್ಕನಲ್ಲಿ ಇನ್ನೂ ಒಳ್ಳೆಯದುಂಟು” ಎಂದೆ.

ಗುಮಾಸ್ತ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಅಧಿಕಾರಿ ನಕ್ಕರು, ಕೆಟ್ಟ ನಗೆಯಲ್ಲ. ಗುಮಾಸ್ತ ಮಾತ್ರ ಮಾವನ ಕಡೆ ತಿರುಗಿ, “ಗುರಿಕಾರರೇ, ಕಡಲಲ್ಲಿ ಇಲ್ಲದ್ದು ನಿಮ್ಮ ಓಡಿನಲ್ಲಿ ಉಂಟಲ್ಲ” ಎಂದ. ಚಾವಡಿಯ ಕೆಳಗೆ ಕೊಡೆ ಹಿಡಿದು ನಿಂತಿದ್ದ ಊರಿನ ಗಂಡಸರೆಲ್ಲ ನೆಲ ನೋಡಿದರು. ಅಷ್ಟುದ್ದದ ಕರೆಯನ್ನು ಬಿಳಿ ಹೊಯಿಗೆಯಿಂದ ಮುಚ್ಚಿದವರಿಗೆ ತಮ್ಮ ತಮ್ಮ ಮನೆಯ ಒಲೆಯ ಮೇಲಿದ್ದದ್ದು ನೆನಪಾಗಿರಲಿಲ್ಲ. ದಿನಾ ತಿನ್ನುತ್ತಿದ್ದ ಬೀಜ ಯಾವುದರಲ್ಲಿ ಬೇಯುತ್ತದೆ ಎಂದು ಒಬ್ಬನಿಗೂ ಗೊತ್ತಿರಲಿಲ್ಲ.

ಅಧಿಕಾರಿ ಒಂದು ತಗಡಿನ ಡಬ್ಬಿಯಲ್ಲಿ ನನ್ನ ಹೊಯಿಗೆ ತುಂಬಿಸಿ, ಸಣ್ಣ ತಕ್ಕಡಿಯಲ್ಲಿ ತೂಗಿ, ಚೀಟಿ ಅಂಟಿಸಿ ಕೊಂಡುಹೋದರು. ಹೋಗುವಾಗ ನನಗೆ ಕೈ ಮುಗಿದರು. ಆ ಕೈ ಮುಗಿದದ್ದನ್ನೂ ಊರು ನೋಡಿತು.

ಆ ಸಂಜೆ ಸಭೆ ಸೇರಿತು. ನನ್ನನ್ನು ಕರೆಯಲಿಲ್ಲ, ಹೆಂಗಸರನ್ನು ಕರೆಯುವ ಕ್ರಮ ಇಲ್ಲವಲ್ಲ. ನಮ್ಮವರು ಬಂದು ಹೊಸ್ತಿಲ ಹೊರಗೆ ನಿಂತೇ ಹೇಳಿದರು. ನನಗೆ ಬೆಂಕಿ ಇಲ್ಲ, ನೀರಿಲ್ಲ, ಮಾತಿಲ್ಲ. ಬೆಳಗಾಗುವಾಗ ಕರೆ ಬಿಡಬೇಕು. ಆಣೆಯ ವಿಷಯ ನನ್ನ ಕಿವಿಗೆ ಬಿದ್ದದ್ದು ಆಗಲೇ.

“ನನಗೆ ಯಾಕೆ ಹೇಳಲಿಲ್ಲ?”

“ಸಭೆಯ ಮಾತು. ಹೇಳ್ಲಿಕ್ಕೆ ಉಂಟಾ?”

“ಹೇಳದೇ ಇದ್ದ ಮಾತನ್ನು ನಾನು ಮುರಿದದ್ದು ಹೇಗೆ?”

ಅವರು ಮಾವ ಸಭೆಯಲ್ಲಿ ಹೇಳಿದ್ದನ್ನು ಮಾತ್ರ ಒಂದಕ್ಷರ ಬಿಡದೆ ಒಪ್ಪಿಸಿದರು: “ದೆಹಲಿಯಲ್ಲಿ ಆ ಕಾನೂನು ಪಾಸಾದರೆ ಇವಳು ಈ ಕರೆಗೆ ಕಾಲಿಡಬಾರದು. ಬಿದ್ದರೆ, ಬಿದ್ದ ಸುದ್ದಿ ಹಿಡ್ಕೊಂಡು ಬರಲಿ, ಆಗ ನೋಡುವ.”

ಬೆಳಿಗ್ಗೆ ಮಾವ ಚಾವಡಿಗೆ ಬರಲಿಲ್ಲ. ಕಮಲಕ್ಕ ಬಂದಳು. ವರ್ಷ ವರ್ಷ ನನ್ನ ಓಡನ್ನು ಎರವಲು ಕೊಂಡುಹೋಗುತ್ತಿದ್ದವಳು. ಪೆಟ್ಟಿಗೆ ತೆರೆದು ಬಯಕೆಯ ಹಸಿರು ಸೀರೆಯನ್ನು ತೆಗೆದುಕೊಂಡು, ನನ್ನ ಮುಖ ನೋಡದೆ, ಗೋಡೆಗೆ ಹೇಳುವ ಹಾಗೆ, “ದೊರೆಯೇ ಉಡಿಸಲಿ, ಕೈ ಮುಗಿದವ ಅವನಲ್ವಾ” ಎಂದಳು. ಸುತ್ತ ಇದ್ದ ಹೆಂಗಸರು ನಕ್ಕರು. ಅವರೆಲ್ಲರ ಅಡುಗೆಮನೆಯಲ್ಲೂ ಒಂದೊಂದು ಮಡಕೆ ಇತ್ತು. ಹೊರಡುವಾಗ ನಾನು ನನ್ನ ಓಡನ್ನೂ ಉಳಿದ ಹೊಯಿಗೆಯನ್ನೂ ಸೆರಗಿನಲ್ಲಿ ಕಟ್ಟಿಕೊಂಡೆ. ಅದು ಬೇಕೆಂದು ಯಾರೂ ಕೇಳಲಿಲ್ಲ. ಆ ದಿನದ ಲೆಕ್ಕಕ್ಕೆ ಅದೊಂದೇ ದಯೆ.

ನಮ್ಮಿಂದ ಒಣಮೀನು ಕೊಳ್ಳುತ್ತಿದ್ದ ಬ್ಯಾರಿ ವ್ಯಾಪಾರಿಯ ಹೆಂಡತಿ ಬೀಫಾತಿಮ್ಮ ನನ್ನನ್ನು ಕಡವಿನಲ್ಲಿ ಕಂಡರು. ಏನೂ ಕೇಳಲಿಲ್ಲ. ಮಣ್ಣಗುಡ್ಡದಲ್ಲಿ ಅವರದೊಂದು ಕೋಣೆ ಇತ್ತು, ಒಣಮೀನು ದಾಸ್ತಾನು ಮಾಡುವಂಥದ್ದು. ಅರ್ಧ ಕೋಣೆಯನ್ನು ಗುಡಿಸಿ ಕೊಟ್ಟರು. “ವಾಸನೆ ಉಂಟು ಮೋಳೆ” ಎಂದರು. ಮೋಳೆ ಎಂದರೆ ಅವರ ಮಾತಿನಲ್ಲಿ ಮಗಳೇ ಎಂದು. ವಾಸನೆ ನನಗೆ ಹೊಸತಲ್ಲ ಎಂದೆ.

ತಿಂಗಳು ಕಳೆದ ಮೇಲೆ ನಮ್ಮವರೂ ಬಂದರು. ಮಾವನ ಮಾತು ಮೀರಿ ಬಂದ ಕಾರಣ ಅವರ ದೋಣಿ ಹೋಯಿತು. ಕಡಲ ಮೇಲೆ ನಾಲ್ವತ್ತು ಜನರನ್ನು ಕುಣಿಸುತ್ತಿದ್ದ ತಂಡೇಲ ಹಂಚಿನ ಕಾರ್ಖಾನೆಯಲ್ಲಿ ಜೇಡಿಮಣ್ಣು ಹೊರತೊಡಗಿದರು. ಅದೂ ನೆಲ ಅಗೆದು ತರುವ ಮಣ್ಣೇ, ನದಿಯ ದಂಡೆಯನ್ನು ಬುತ್ತಿಯ ಹಾಗೆ ತಿಂದು ಮುಗಿಸುತ್ತಿದ್ದರು. ಅದಕ್ಕೆ ಯಾರೂ ಹೂ ಎತ್ತಿ ಆಣೆ ಮಾಡಿದ್ದು ನಾನು ಕೇಳಿಲ್ಲ. ಬಂದರಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ. ಆದರೆ ಬಂದವರು ಕ್ಷಮಿಸಿ ಬಂದದ್ದಲ್ಲ. ಒಲೆಯ ಮೇಲೆ ಓಡು ಕಂಡರೆ ಸಾಕು, “ಎಂತ, ಇವತ್ತು ಯಾವ ದೊರೆಗೆ ಹುರಿಯುದು?” ಎನ್ನುತ್ತಿದ್ದರು. ಮೊದಲ ವರ್ಷ ಸಿಟ್ಟಿನಲ್ಲಿ ಹೇಳುತ್ತಿದ್ದರು. ಆಮೇಲೆ ಅಭ್ಯಾಸದಲ್ಲಿ.

ಹೆರಿಗೆ ಆದದ್ದು ತುಲಾ ತಿಂಗಳ ಒಂದು ಮಧ್ಯಾಹ್ನ, ಹಿಂದಿನ ದಿನ ಬೆಳಿಗ್ಗೆ ನೋವು ಹಿಡಿದದ್ದು. ಹತ್ತಿರದಲ್ಲೇ ಮೊಗವೀರರದೇ ಇನ್ನೊಂದು ಕೇರಿ ಉಂಟು, ಅಲ್ಲಿ ಒಳ್ಳೆಯ ಕೈಯ ಸೂಲಗಿತ್ತಿ ಇದ್ದಳು. ನಮ್ಮವರು ಹೋಗಿ ಅವಳ ಅಂಗಳದಲ್ಲಿ ಕಾಲು ಹಿಡಿಯುವುದೊಂದು ಬಾಕಿ. ಅವಳು ಬಾಗಿಲು ತೆರೆಯದೆ, “ನಾಳೆ ನಾನು ಸಾಯುವಾಗ ಬಾಯಿಗೆ ನೀರು ಬಿಡುವವರು ಬೇಕಲ್ಲ ನನಗೆ” ಎಂದಳಂತೆ. ಅವಳ ಮಾತು ಸುಳ್ಳಲ್ಲ. ಬಹಿಷ್ಕಾರ ಇದ್ದವರನ್ನು ಮುಟ್ಟಿದವರಿಗೂ ಬಹಿಷ್ಕಾರ. ಕೊನೆಗೆ ಬೀಫಾತಿಮ್ಮ ತಮ್ಮ ಮನೆತನದ ಒಬ್ಬ ಮುದುಕಿಯನ್ನು ಕರೆತಂದರು. ಮುದುಕಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಮಗು ನೀಲಿಗಟ್ಟಿ ಬಂತು. ಮುದುಕಿ ಅದನ್ನು ತಲೆಕೆಳಗೆ ಹಿಡಿದು ಬಡಿದಳು, ಬಡಿದಳು, ನಾನು ಸಾಕು ಎಂದು ಕೂಗಿದೆ. ಅತ್ತಿತು. ಹೆಣ್ಣು. ಆ ಬಡಿತದಲ್ಲೋ, ತಡವಾದ ಹೆರಿಗೆಯಲ್ಲೋ, ಮಗಳ ಎಡಗೈ ಇಂದಿಗೂ ಪೂರ್ತಿ ಮೇಲೇಳುವುದಿಲ್ಲ. ಜೀವ ಉಂಟು, ಬಲಗೈ ಉಂಟು, ಬೀಫಾತಿಮ್ಮ ಇದ್ದರು. ಮೂರು.

ಮಸೂದೆಯ ಸುದ್ದಿ ನನಗೆ ಬರುತ್ತಿದ್ದದ್ದು ಒಣಮೀನು ಕಟ್ಟಿದ ಕಾಗದದಲ್ಲಿ. ಬೀಫಾತಿಮ್ಮನ ಗಂಡನ ಅಂಗಡಿಗೆ ಹಳೆಯ ಪತ್ರಿಕೆಯ ಕಟ್ಟು ಬರುತ್ತಿತ್ತು. ನಾನು ಒಂದೊಂದನ್ನೇ ಬಿಡಿಸಿ, ಕೈಯಿಂದ ನೀವಿ, ಓದುತ್ತಿದ್ದೆ. ಹಿಂದಿನದು ಮುಂದೆ, ಮುಂದಿನದು ಹಿಂದೆ. ಒಂದು ವಾರ ಸಮಿತಿಗೆ ಕಳಿಸಿದ್ದಾರೆ ಎಂದಿರುತ್ತಿತ್ತು, ಮುಂದಿನ ವಾರ ಸಿಕ್ಕಿದ ಹಳೆಯದರಲ್ಲಿ ಕಳಿಸಬೇಕೋ ಬೇಡವೋ ಎಂಬ ಚರ್ಚೆ. ಒಬ್ಬ ಸದಸ್ಯರು ದೇಶಕ್ಕೆ ಆಪತ್ತು ಬಂದಾಗ ನೆಲದೊಳಗಿನದನ್ನು ನೆಲದೊಳಗೆ ಬಿಡುವುದು ಪಾಪ ಎಂದಿದ್ದರು. ಇನ್ನೊಬ್ಬರು ಅಗೆದದ್ದೆಲ್ಲ ಯಾರ ಹಡಗಿನಲ್ಲಿ ಯಾರ ದೇಶಕ್ಕೆ ಹೋಗುತ್ತದೆ ಹೇಳಿ ಎಂದು ಕೇಳಿದ್ದರು. ಮತ್ತೊಬ್ಬರು ಕರಾವಳಿಯ ಬಡ ಬೆಸ್ತರ ಕಣ್ಣೀರಿನ ಬಗ್ಗೆ ಎರಡು ಕಾಲಂ ಮಾತಾಡಿದ್ದರು. ಎಲ್ಲರೂ ಸರಿಯಾಗಿಯೇ ಮಾತಾಡುತ್ತಿದ್ದರು. ಓದುತ್ತಾ ಓದುತ್ತಾ ನನಗೂ ಅನಿಸುತ್ತಿತ್ತು, ಯುದ್ಧದಲ್ಲಿ ಯಾವುದೋ ತಾಯಿಯ ಮಗನ ಹಡಗನ್ನು ಶತ್ರುವಿನ ಕಣ್ಣಿನಿಂದ ಮರೆಮಾಡುವ ಹೊಗೆಯನ್ನು ಇಂಥ ಹೊಯಿಗೆಯಿಂದ ಮಾಡುತ್ತಾರಂತೆ, ಅದಕ್ಕೆ ಬೇಕಾದರೆ ಕೊಡಬೇಡವೇ ಎಂದು. ಆದರೆ ಪ್ರಾರ್ಥನೆ ಮಾಡುವಾಗ ಅಷ್ಟು ದೊಡ್ಡ ಮನ ಬರುತ್ತಿರಲಿಲ್ಲ. ಮಸೂದೆ ಬೀಳಲಿ, ನನಗೆ ಮನೆಗೆ ಹೋಗಬೇಕು ಎಂದಷ್ಟೇ ಬೇಡುತ್ತಿದ್ದೆ. ಪ್ರತಿ ಸುದ್ದಿಯ ಕೊನೆಯಲ್ಲೂ ಒಂದೇ ಮಾತು: ಪರಿಶೀಲನೆಯಲ್ಲಿದೆ. ಅವರು ಅಲ್ಲಿ ಪರಿಶೀಲಿಸುತ್ತಿದ್ದರು. ಇಲ್ಲಿ ನನ್ನ ಮಗಳು ಕವುಚಿಕೊಳ್ಳಲು ಕಲಿತಳು.

ಸುಗ್ಗಿ ತಿಂಗಳಲ್ಲಿ ಬಂಗುಡೆ ಕಟ್ಟಿದ ಒಂದು ತುಂಡಿನಲ್ಲಿ ಅದು ಸಿಕ್ಕಿತು, ಮೂಲೆಯಲ್ಲಿ ನಾಲ್ಕೇ ಸಾಲು. ಕನ್ನಡ ಕರಾವಳಿಯಿಂದ ತಂದ ಹೊಯಿಗೆಯ ಮಾದರಿಯನ್ನು ಪರೀಕ್ಷಿಸಲಾಗಿ, ಅದರಲ್ಲಿ ಬೇಕಾದ ಖನಿಜ ಅಗೆಯುವ ಖರ್ಚಿಗೂ ಸಾಲದಷ್ಟು ಕಡಿಮೆ. ದಕ್ಷಿಣದ ತೀರದಲ್ಲಿ ಬೇಕಾದಷ್ಟು ಇರುವುದರಿಂದ ಮಸೂದೆಯನ್ನು ಮುಂದುವರಿಸುವ ಅಗತ್ಯ ಕಂಡುಬಂದಿಲ್ಲ.

ಮಾದರಿ ಎಂದರೆ ನನ್ನ ಡಬ್ಬಿ. ಮಾವನ ಆಣೆಯಿಂದ ಉಳಿಯದಿದ್ದ ಕರೆ ನನ್ನ ಮಡಕೆಯ ಹೊಯಿಗೆಯಿಂದ ಉಳಿದಿತ್ತು. ಮೀನೆಣ್ಣೆ ಹಿಡಿದ ಆ ಕಾಗದವನ್ನು ದೇವರ ಪಟದ ಮುಂದಿಟ್ಟು ಅಡ್ಡಬಿದ್ದೆ. ಮರುದಿನ ಮಗುವನ್ನೆತ್ತಿಕೊಂಡು ಕೂಳೂರು ಕಡವು ದಾಟಿದೆ. ನಮ್ಮವರು ಬರಲಿಲ್ಲ. “ಹೋಗು, ನೋಡಿಕೊಂಡು ಬಾ” ಎಂದರು.

ದಾರಿಯುದ್ದಕ್ಕೂ ಮನೆಗಳಿಂದ ಹುರಿಯುವ ವಾಸನೆ ಬರುತ್ತಿತ್ತು. ಯಾರ ಓಡೂ ಒಡೆದಿರಲಿಲ್ಲ.

ಮಾವ ಚಾವಡಿಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದರು. ನಾನು ಅಂಗಳದ ಬೇಲಿಯ ಹೊರಗೆ ನಿಂತು ಕಾಗದ ಓದಿದೆ. ಓದಿ ಮುಗಿಯುವ ತನಕ ಅವರ ಕೈ ನಿಲ್ಲಲಿಲ್ಲ.

“ಬಿದ್ದ ಸುದ್ದಿ ತಂದಿದ್ದೇನೆ ಮಾವ. ನಿಮ್ಮ ಮಾತಿನ ಹಾಗೆ.”

“ಹೊಯಿಗೆ ಬಡವಾಯಿತು ಅಂತ ಬರ್ದಿದ್ದಾರೆ. ಹೊಯಿಗೆ ಇಲ್ಲ ಅಂತ ಬರ್ದಿದ್ದಾರಾ?”

“ಇಲ್ಲ.”

“ನಾನು ಇಲ್ಲ ಅಂತ ಆಣೆ ಇಟ್ಟದ್ದು. ಬೊಬ್ಬರ್ಯನ ಎದುರು. ಅದನ್ನು ನೀನು ಒಂದು ಮಡಕೆಯಲ್ಲಿ ಹೊತ್ತು ತಂದು ನಡು ಚಾವಡಿಯಲ್ಲಿ ಸುಳ್ಳು ಮಾಡಿದ್ದಿ. ಆ ಗುಮಾಸ್ತ ಹೇಳಿದ ಮಾತನ್ನು ಈಗ ಮೀನು ಮಾರುವ ಹೆಂಗಸರು ಹೇಳ್ತಾರೆ. ದೆಹಲಿಯವರು ಅದನ್ನು ವಾಪಸು ತೆಗ್ದಿದ್ದಾರಾ?”

ನಾನು ಕಾಗದ ಮಡಚಿದೆ. ಆಗ ಅವರು ತಲೆಯೆತ್ತಿ ಮಗುವನ್ನು ನೋಡಿದರು. ಕೈಯಲ್ಲಿದ್ದ ಸೂಜಿ ನಿಂತಿತು.

“ಹೆಣ್ಣಾ?”

“ಹೌದು.”

“ಬಿಟ್ಟು ಹೋಗು. ಮನೆಗೆ ಬೇಕು.”

ಬೆಕ್ಕಿನ ಮರಿಯನ್ನು ಕೇಳುವ ಹಾಗೆ ಕೇಳಿದರು. ನನಗೆ ಅಳು ಬರಲಿಲ್ಲ, ಬರಬೇಕಿತ್ತು. “ನಮ್ಮ ಕ್ರಮದಲ್ಲಿ ಮಗು ತಾಯಿಯ ಮನೆಯದ್ದು ಮಾವ. ತಾಯಿಯನ್ನೇ ಮನೆಯಿಂದ ಹೊರಗೆ ಹಾಕಿದವರು ನೀವು. ಹಾಗಾದರೆ ಇವಳ ಮನೆ ಯಾವುದು?” ಎಂದೆ. ಅವರು ಮತ್ತೆ ಸೂಜಿಗೆ ನೂಲು ಪೋಣಿಸಿದರು. “ಬಾಯಿ ಬಂತು ನಿನಗೆ” ಎಂದಷ್ಟೇ ಹೇಳಿದರು.

ವಾಪಸು ಬರುವಾಗ ಬಿಸಿಲು ಏರಿತ್ತು. ಮಗು ಅಳುತ್ತಿತ್ತು, ನನಗೆ ಬಾಯಾರಿಕೆ. ಯಾವ ಬಾಗಿಲೂ ತೆರೆಯಲಿಲ್ಲ. ಕೊನೆಯ ಮನೆಯ ಬೇಲಿಯ ಕಲ್ಲಿನ ಮೇಲೆ ಒಂದು ಕೆತ್ತಿದ ಎಳನೀರು ಇತ್ತು, ಹತ್ತಿರ ಯಾರೂ ಇರಲಿಲ್ಲ. ಅದು ಕಮಲಕ್ಕನ ಮನೆ. ಅವಳೇ ಇಟ್ಟದ್ದೋ, ಮರೆತು ಬಿಟ್ಟದ್ದೋ ಎಂದು ಇವತ್ತಿಗೂ ತಿಳಿಯದು. ಇಟ್ಟದ್ದೆಂದೇ ಲೆಕ್ಕಕ್ಕೆ ಹಿಡಿದಿದ್ದೇನೆ.

ಮತ್ತೆ ಆ ಕಡೆ ಹೋಗಲಿಲ್ಲ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ಮೊನ್ನೆಯ ಪತ್ರಿಕೆಯಲ್ಲಿ ನಮ್ಮದೇ ಸರಕಾರ ಖನಿಜಗಳ ಬಗ್ಗೆ ಹೊಸ ಕಾನೂನಿನ ಮಾತಾಡಿದ್ದನ್ನು ಓದಿದೆ. ಆ ಪುಟವನ್ನು ಮಡಚಿ ಹುಣಸೆಬೀಜ ತುಂಬುವ ಡಬ್ಬಿಯ ತಳಕ್ಕೆ ಹಾಸಿದೆ.

ಇನ್ನು ಇವತ್ತಿನ ಸಂಗತಿ. ಬಂದ ಇಬ್ಬರೂ ಹಿಂದೆ ನನ್ನ ಬಗ್ಗೆ ತೀರ್ಮಾನ ಮಾಡಿದ ಸಭೆಯಲ್ಲಿ ಕುಳಿತವರೇ. ಮಾವ ಹಾಸಿಗೆ ಹಿಡಿದಿದ್ದಾರಂತೆ, ವಾರದಿಂದ ಅನ್ನ ಇಳಿಯುತ್ತಿಲ್ಲವಂತೆ. ದೀಪ ಇಡಲು ಮನೆಯಲ್ಲಿ ಹೆಣ್ಣಿಲ್ಲ. ಬಾಯಿಗೆ ನೀರು ಬಿಡಲು ಮನೆತನದ ಮಗು ಬೇಕು ಎಂದು ಕೈಸನ್ನೆ ಮಾಡುತ್ತಾರಂತೆ. ಇಬ್ಬರಲ್ಲಿ ಹಿರಿಯವರು ಹೇಳಿದರು:

“ಸಭೆ ಸೇರಿ ತೀರ್ಮಾನ ಮಾಡಿದ್ದೇವೆ ಜಲಜ. ಮಗಳನ್ನು ಕಳಿಸು. ನಿನ್ನದನ್ನು ಆಮೇಲೆ ನೋಡುವ.”

ಎರಡೂ ಮಾತು ನನಗೆ ಪರಿಚಯದ್ದೇ. ಮಗಳು ಬಾಗಿಲ ಹಿಂದೆ ನಿಂತು, ಮೇಲೇಳದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಅವರನ್ನು ನೋಡುತ್ತಿದ್ದಳು.

“ಸಭೆಯ ಮಾತನ್ನು ಹೆಂಗಸರಿಗೆ ಹೇಳುವ ಕ್ರಮ ನಮ್ಮಲ್ಲಿ ಇಲ್ಲವಲ್ಲ ಅಣ್ಣ” ಎಂದೆ. “ಹಾಗಾಗಿ ನೀವು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ.”

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಕಿರಿಯವರು ಸಣ್ಣ ದನಿಯಲ್ಲಿ, “ಹೋಗುವ ಜೀವ ಮಾರಾಯ್ತಿ, ಒಂದು ಹನಿ ನೀರಿಗೆ ಕಾಯ್ತಾ ಉಂಟು” ಎಂದರು.

“ಅವತ್ತು ನನ್ನ ಹೊಟ್ಟೆಯಲ್ಲಿದ್ದದ್ದು ಬರುವ ಜೀವ” ಎಂದೆ.

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದು. ಹುರಿದ ಹುಣಸೆಬೀಜವನ್ನು ಬೆಲ್ಲದ ಜೊತೆ ಬಟ್ಟಲಲ್ಲಿ ತಂದು ಜಗಲಿಯ ಮೇಲಿಟ್ಟೆ. ದೂರ ನಡೆದು ಬಂದವರು, ಹಸಿದಿದ್ದರು. ಒಂದೆರಡು ಬಾಯಿಗೆ ಹಾಕಿಕೊಂಡರು. ಕಿರಿಯವರ ಹಲ್ಲಿಗೆ ಕಲ್ಲು ಸಿಕ್ಕಿರಬೇಕು, ಬೆರಳ ತುದಿಯಲ್ಲಿ ಒಂದು ಕರಿಯ ಕಣ ತೆಗೆದು ನೋಡಿ, ಏನೂ ಹೇಳದೆ ಪಂಚೆಗೆ ಒರೆಸಿಕೊಂಡರು. ಆಮೇಲೆ ಇಬ್ಬರೂ ಎದ್ದು ಹೋದರು.

ನಮ್ಮವರು ಒಳಗೆ ಗೋಡೆಗೊರಗಿ ಕುಳಿತು ಎಲ್ಲ ಕೇಳಿಸಿಕೊಂಡಿದ್ದರು. ಯಾವ ದೊರೆಗೆ ಹುರಿಯುದು ಎಂಬ ಇಷ್ಟು ವರ್ಷದ ಆ ಒಂದು ಮಾತನ್ನು ಇವತ್ತೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ನನ್ನನ್ನು ನೋಡಿ, “ಗುರಿಕಾರಿಕೆ ಎಲ್ಲಿಗೂ ಹೋಗಲಿಲ್ಲ. ಇಲ್ಲೇ ಉಂಟು” ಎಂದರು.

ಬೈದರೋ ಹೊಗಳಿದರೋ ಎಂದು ನಾನು ಕೇಳಲಿಲ್ಲ. ಓಡಿನ ಹೊಯಿಗೆ ಇನ್ನೂ ಬಿಸಿಯಿತ್ತು. ಮಗಳು ಬಟ್ಟಲು ಖಾಲಿಯಾಯಿತು ಎಂದಳು. ಇನ್ನೊಂದು ಹಿಡಿ ಬೀಜ ಹಾಕಿದೆ.